ಕಾರ್ಬನ್ ಕಾಪಿ ಜೋಪಾನ: ಕೆಲಸದ ಪರೀಕ್ಷೆ ಮತ್ತು ಕಳ್ಳಾಟದ ಒಂದು ಸಾವಿರ ವರ್ಷ

ಭಾಗ 1/8 · ಪರೀಕ್ಷೆಗೂ ಒಂದು ಚೌಕಿ ಉಂಟು

ಹ್ವಾಯ್, ಫೈನಲ್ ಇಯರಿನವ್ರೇ, ಈ ಸಲದ ಸರಣಿ ನಿಮಗೇ. ಪ್ಲೇಸ್‌ಮೆಂಟ್ ಸೀಸನ್ ಶುರುವಾಯ್ತು. ಕಂಪನಿಯಿಂದ ಲಿಂಕ್ ಬರ್ತದೆ. ಲ್ಯಾಪ್‌ಟಾಪ್ ಎದುರು ಕೂರಬೇಕು, ಐಡಿ ಕಾರ್ಡ್ ತೋರಿಸಬೇಕು, ಕ್ಯಾಮೆರಾವನ್ನು ಕೋಣೆಯ ನಾಲ್ಕೂ ಮೂಲೆಗೆ ತಿರುಗಿಸಬೇಕು. ಆಮೇಲೆ ಪರೀಕ್ಷೆ ಮುಗಿಯುವವರೆಗೆ ಕಣ್ಣು ಅತ್ತಿತ್ತ ಹೋಗುವ ಹಾಗಿಲ್ಲ. ಅಡುಗೆಮನೆಯಿಂದ ಅಮ್ಮ ಕರೆದು ನೀವು ತಿರುಗಿ ಕಂಡ್ರೆ ಸ್ಕ್ರೀನಿನ ಮೇಲೆ ಕೆಂಪು ಅಕ್ಷರದ ಎಚ್ಚರಿಕೆ. ಇಷ್ಟೆಲ್ಲ ಯಾಕೆ ಅಂದ್ರೆ, ಕಾಪಿ ಹೊಡೆಯುವುದನ್ನು ತಡೆಯಲಿಕ್ಕೆ.

ತಡೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಓದಿ ಬರೆದವನ ಕೆಲಸ ಓದದೇ ಬರೆದವನಿಗೆ ಹೋಗಬಾರದು. ಆದರೆ ನನಗಿರುವ ಪ್ರಶ್ನೆ ಬೇರೆ. ಕೆಲಸದ ಪರೀಕ್ಷೆಗಳಲ್ಲಿ ದೊಡ್ಡ ಮೋಸ ಆದಾಗೆಲ್ಲ ಅದು ನಡೆದದ್ದು ಎಲ್ಲಿ? ಬೆಂಚಿನ ಮೇಲೆ ಕೂತವನ ಕಡೆಯಿಂದಲೋ, ಬೆಂಚಿನ ಆಚೆ ಕಡೆಯಿಂದಲೋ?

ಆಟ ಕಾಣಲಿಕ್ಕೆ ಹೋದ್ರೆ ನಾವು ನೋಡುವುದು ರಂಗಸ್ಥಳ. ವೇಷ ಕಟ್ಟುವುದು ಮಾತ್ರ ಹಿಂದೆ, ಚೌಕಿಯಲ್ಲಿ. ಪರೀಕ್ಷೆಗೂ ಅಂಥ ಒಂದು ಚೌಕಿ ಉಂಟು. ಪ್ರಶ್ನೆಪತ್ರಿಕೆ ತಯಾರಾಗುವ ಕೋಣೆ, ಉತ್ತರಪತ್ರಿಕೆ ಇಡುವ ಕೋಣೆ, ಈಗಿನ ಕಾಲಕ್ಕೆ ಸರ್ವರ್ ಇರುವ ಕೋಣೆ. ಈ ಸರಣಿಯ ಎಂಟೂ ಭಾಗದಲ್ಲಿ ನಾವು ಇಣುಕುವುದು ಅಲ್ಲಿಗೆ.

ಭಾಗ 2/8 · 545 ಹುದ್ದೆ, ಒಂದು ತೆಳು ಹಾಳೆ

ನಮ್ಮ ರಾಜ್ಯದ್ದೇ ಕತೆಯಿಂದ ಶುರು ಮಾಡುವ. 2021ರ ಅಕ್ಟೋಬರ್ 3. ಪೊಲೀಸ್ ಇಲಾಖೆಯ 545 ಪಿಎಸ್‌ಐ ಹುದ್ದೆಗಳಿಗೆ ಲಿಖಿತ ಪರೀಕ್ಷೆ. 92 ಕೇಂದ್ರ, 54 ಸಾವಿರಕ್ಕೂ ಹೆಚ್ಚು ಅಭ್ಯರ್ಥಿಗಳು. ಓಟ, ಜಿಗಿತ, ಗುಂಡೆಸೆತ ಎಲ್ಲ ದಾಟಿ ಬಂದವರು ಇವರು. 2022ರ ಜನವರಿಯಲ್ಲಿ ಆಯ್ಕೆಪಟ್ಟಿ ಬಂತು.

ಇದು ಓಎಂಆರ್ ಪರೀಕ್ಷೆ, ಅಂದ್ರೆ ಪೆನ್ನಿನಿಂದ ವೃತ್ತ ತುಂಬುವುದು. ಮೂಲ ಹಾಳೆ ಇಲಾಖೆಗೆ, ಅಡಿಯಲ್ಲಿದ್ದ ಕಾರ್ಬನ್ ಪ್ರತಿ ಅಭ್ಯರ್ಥಿಗೆ. ಒಬ್ಬ ಅಭ್ಯರ್ಥಿಯ ಹಾಳೆಯ ವಿಷಯ ಹೊರಗೆ ಬಂದಾಗ ಗಲಾಟೆ ಎದ್ದಿತು. ಅವನು ಉತ್ತರಿಸಿದ್ದು 21 ಪ್ರಶ್ನೆ, ಬಂದ ಅಂಕ 121 ಅಂತ ಆಗ ಪತ್ರಿಕೆಗಳಲ್ಲಿ ವರದಿಯಾಯಿತು. ಏಪ್ರಿಲ್‌ನಲ್ಲಿ ತನಿಖೆ ಸಿಐಡಿಗೆ ಹೋಯಿತು. ಕಾರ್ಬನ್ ಪ್ರತಿ ಮತ್ತು ಮೂಲ ಹಾಳೆಯನ್ನು ಅಕ್ಕಪಕ್ಕ ಇಟ್ಟು ತಾಳೆ ನೋಡಿದಾಗ ವ್ಯತ್ಯಾಸ ಕಂಡಿತು.

ಖಾಲಿ ಬಿಟ್ಟ ವೃತ್ತಗಳನ್ನು ಆಮೇಲೆ ತುಂಬಿದ್ದಾರೆ ಎಂಬುದು ಆರೋಪ. ಕಲಬುರಗಿಯ ಜ್ಞಾನಜ್ಯೋತಿ ಶಾಲೆಯ ಕೇಂದ್ರದಲ್ಲಿ ಕೊಠಡಿ ಮೇಲ್ವಿಚಾರಕರ ಮೇಲೆಯೇ ಕೇಸು ಬಿತ್ತು. 2022ರ ಜುಲೈ 4ರಂದು ಪೊಲೀಸ್ ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿ ಅಮೃತ್ ಪೌಲ್ ಅವರ ಬಂಧನವಾಯಿತು. ತಪ್ಪು ಯಾರದ್ದು ಅಂತ ಹೇಳಬೇಕಾದ್ದು ನ್ಯಾಯಾಲಯ. ಆದರೆ ಆರೋಪ ಎಲ್ಲಿಯವರೆಗೆ ಹೋಯಿತು ಕಾಣಿ: ಬೆಂಚಿನಿಂದ ಶುರುವಾಗಿ ಕಾವಲಿನ ಕೋಣೆಯವರೆಗೆ.

ಈಗ ಹೊಟ್ಟೆ ಉರಿಯುವ ಭಾಗ. 2022ರ ಏಪ್ರಿಲ್ 29ರಂದು ಸರ್ಕಾರ ಇಡೀ ಪರೀಕ್ಷೆಯನ್ನೇ ರದ್ದು ಮಾಡಿತು. ಆಯ್ಕೆಯಾದ 545 ಮಂದಿಯಲ್ಲಿ ಆರೋಪವೇ ಇಲ್ಲದವರು ನೂರಾರು ಜನ. ಅವರು ಕೋರ್ಟಿಗೆ ಹೋದರು. 2023ರ ನವೆಂಬರ್‌ನಲ್ಲಿ ಹೈಕೋರ್ಟ್ ಮರುಪರೀಕ್ಷೆಯೇ ಆಗಲಿ ಎಂದಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ಕ್ಕೆ, ಬೆಂಗಳೂರಿನಲ್ಲಿ, ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ. ಮೊದಲ ಪರೀಕ್ಷೆಗೂ ಇದಕ್ಕೂ ನಡುವೆ ಎರಡು ವರ್ಷ ಮೂರು ತಿಂಗಳ ಮೇಲೆ. ಮದುವೆ ಮುಂದೆ ಹಾಕಿದವರು, ಇದ್ದ ಕೆಲಸ ಬಿಟ್ಟು ಕೂತವರು, ವಯಸ್ಸು ಮೀರುತ್ತಾ ಬಂದವರು, ಎಲ್ಲರೂ ಪುನಃ ಪುಸ್ತಕ ತೆಗೆಯಬೇಕಾಯಿತು. ಮೋಸದ ಬಿಲ್ಲು ಕಟ್ಟಿದ್ದು ಮೋಸ ಮಾಡದವರು.

ಆ ತೆಳು ಕಾರ್ಬನ್ ಹಾಳೆಯನ್ನು ನೆನಪಿಟ್ಟುಕೊಳ್ಳಿ. ಕೊನೆಯ ಭಾಗದಲ್ಲಿ ಅದು ಬೇಕಾಗ್ತದೆ.

ಭಾಗ 3/8 · ಹೆಸರು ಮುಚ್ಚಿ, ಅಕ್ಷರವನ್ನೂ ಮುಚ್ಚಿ

ಸರ್ಕಾರಿ ಕೆಲಸಕ್ಕೆ ಪರೀಕ್ಷೆ ಬರೆಯುವ ಪದ್ಧತಿಯನ್ನು ಅತಿ ಹೆಚ್ಚು ಕಾಲ ನಡೆಸಿದ್ದು ಚೀನಾ. ಸುಮಾರು 1300 ವರ್ಷ ನಡೆದು 1905ರಲ್ಲಿ ಅದು ನಿಂತಿತು. ನಾನ್‌ಜಿಂಗ್ ನಗರದ ಪರೀಕ್ಷಾ ಆವರಣದಲ್ಲಿ ಒಂದು ಕಾಲಕ್ಕೆ 20 ಸಾವಿರಕ್ಕೂ ಹೆಚ್ಚು ಗೂಡುಗಳಿದ್ದವು. ಒಂದು ಗೂಡಿಗೆ ಒಬ್ಬ. ಊಟದ ಸಾಮಾನು, ಹಾಸಿಗೆ ಹಿಡಿದುಕೊಂಡು ಒಳಗೆ ಹೋದರೆ ಪರೀಕ್ಷೆ ಮುಗಿಯುವವರೆಗೆ ಹೊರಗೆ ಬರುವ ಹಾಗಿಲ್ಲ. ಬಾಗಿಲಲ್ಲೇ ಮೈ ತಡವಿ ತಪಾಸಣೆ. ಆದರೂ ಒಳ ಅಂಗಿಯ ಮೇಲೆ ಇರುವೆ ಸಾಲಿನಂತೆ ಅಕ್ಷರ ಬರೆದುಕೊಂಡು ಹೋದವರಿದ್ದರು. ಅಂಥ ಬಟ್ಟೆಗಳು ಇವತ್ತಿಗೂ ಮ್ಯೂಸಿಯಂಗಳಲ್ಲಿ ಉಳಿದಿವೆ.

ನನಗೆ ಅಂಗಿಗಿಂತ ದೊಡ್ಡದಾಗಿ ಕಂಡದ್ದು ಬೇರೆ ಒಂದು ವ್ಯವಸ್ಥೆ. ಸುಮಾರು 1000ನೇ ಇಸವಿಯ ಹೊತ್ತಿಗೆ, ಸಾಂಗ್ ಅರಸರ ಕಾಲದಲ್ಲಿ, ಉತ್ತರಪತ್ರಿಕೆಯ ಮೇಲಿನ ಹೆಸರನ್ನು ಕಾಗದ ಅಂಟಿಸಿ ಮುಚ್ಚಲಿಕ್ಕೆ ಶುರು ಮಾಡಿದರು. ಅದೂ ಸಾಲದು ಅನ್ನಿಸಿತು. ಕೈಬರಹ ನೋಡಿ ತನ್ನ ಶಿಷ್ಯನನ್ನು ಗುರುತಿಸಬಹುದಲ್ಲ? ಹಾಗಾಗಿ ಪ್ರತಿಯೊಂದು ಉತ್ತರವನ್ನೂ ಗುಮಾಸ್ತರ ಕೈಯಲ್ಲಿ ಹೊಸದಾಗಿ ನಕಲು ಬರೆಸಿದರು. ಅಂಕ ಹಾಕುವವರಿಗೆ ಹೋಗುವುದು ನಕಲು ಮಾತ್ರ. ಸಾವಿರ ವರ್ಷದ ಹಿಂದೆಯೇ ಅವರಿಗೆ ಗೊತ್ತಿತ್ತು, ಬರೆಯುವವನನ್ನು ಕಾದರೆ ಅರ್ಧ ಕೆಲಸ, ತಿದ್ದುವವನ ಕೈ ಕಟ್ಟಿದರೆ ಉಳಿದರ್ಧ.

ಅಷ್ಟು ಮಾಡಿದರೂ ಬಿರುಕು ಬಿಟ್ಟದ್ದು ಒಳಗಿನಿಂದಲೇ. 1858ರಲ್ಲಿ ಬೀಜಿಂಗ್‌ನ ಪರೀಕ್ಷೆಯಲ್ಲಿ ಮುಖ್ಯ ಪರೀಕ್ಷಕನಾಗಿದ್ದ ಬಾಯ್ ಜುನ್ ಎಂಬ ಮಂತ್ರಿಗೆ ಮನೆಯ ಆಳಿನ ಮೂಲಕ ಒಂದು ಚೀಟಿ ಬಂತು. ಒಬ್ಬನ ಉತ್ತರಪತ್ರಿಕೆ ಕೆಳಗೆ ಹೋಯಿತು, ಇನ್ನೊಬ್ಬನದ್ದು ಮೇಲೆ ಬಂತು. ಮರುವರ್ಷ ಬಾಯ್ ಜುನ್‌ನ ತಲೆ ಹೋಯಿತು. ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ, ಸಿಸ್ಟಮ್ ಗಟ್ಟಿಯೇ ಇತ್ತು, ಅಡ್ಮಿನ್ ಪಾಸ್‌ವರ್ಡ್ ಮಾತ್ರ ಮನೆಯ ಆಳಿನ ಕೈಗೆ ಸಿಕ್ಕಿತು.

ಭಾಗ 4/8 · ಕಳ್ಳಾಟ ಇಲ್ಲ, ಆದರೂ ನ್ಯಾಯ ಇಲ್ಲ

ಈಗ ನಮ್ಮ ದೇಶ. ಈಸ್ಟ್ ಇಂಡಿಯಾ ಕಂಪನಿಯ ದೊಡ್ಡ ಹುದ್ದೆಗಳು ಮೊದಲು ನಿರ್ದೇಶಕರ ಶಿಫಾರಸಿನ ಮೇಲೆ ಸಿಗುತ್ತಿದ್ದವು. ಯಾರ ಮಗ, ಯಾರ ಅಳಿಯ ಅನ್ನುವುದೇ ಅರ್ಹತೆ. 1855ರಿಂದ ಸ್ಪರ್ಧಾತ್ಮಕ ಪರೀಕ್ಷೆ ಬಂತು. ವಶೀಲಿ ಹೋಯಿತು ಅಂತ ಎಲ್ಲರೂ ಹೊಗಳಿದರು.

ಆದರೆ ಪರೀಕ್ಷೆ ನಡೆಯುತ್ತಿದ್ದದ್ದು ಲಂಡನ್‌ನಲ್ಲಿ ಮಾತ್ರ. ಹಡಗಿನ ಖರ್ಚು, ಅಲ್ಲಿ ಉಳಿಯುವ ಖರ್ಚು, ಸಮುದ್ರ ದಾಟಿದರೆ ಜಾತಿ ಕೆಡುತ್ತದೆ ಎಂಬ ಕಟ್ಟು, ಇಷ್ಟನ್ನೂ ಮೀರಿ ಹೋಗಬೇಕು. 1863ರಲ್ಲಿ ಸತ್ಯೇಂದ್ರನಾಥ ಟಾಗೋರ್ ಮೊದಲ ಭಾರತೀಯರಾಗಿ ಪಾಸಾದರು. ನಮ್ಮ ಕರಾವಳಿಯ ಬೆನಗಲ್ ನರಸಿಂಗ ರಾವ್, ಮುಂದೆ ಸಂವಿಧಾನ ಸಭೆಗೆ ಸಲಹೆಗಾರರಾದವರು, ಅವರೂ ಇಂಗ್ಲೆಂಡಿಗೆ ಹೋಗಿಯೇ ಐಸಿಎಸ್ ಆದದ್ದು. ಭಾರತದೊಳಗೆ ಈ ಪರೀಕ್ಷೆ ಬರೆಯಲಿಕ್ಕೆ ಅವಕಾಶ ಆದದ್ದು 1922ರಲ್ಲಿ. ಪರೀಕ್ಷೆಯ ಕೋಣೆಯೊಳಗೆ ನಕಲು ಇಲ್ಲದೇ ಇರಬಹುದು, ಆದರೆ ಕೋಣೆಯ ಬಾಗಿಲೇ ಏಳು ಸಮುದ್ರದಾಚೆ ಇದ್ದರೆ ಅದನ್ನು ಸಮಾನ ಅವಕಾಶ ಅಂತ ಕರೆಯುವುದು ಹೇಗೆ?

ಘಟ್ಟದ ಮೇಲಿನ ಮೈಸೂರು ಸಂಸ್ಥಾನದಲ್ಲೂ ಇಂಥದ್ದೇ ಪಾಠ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆ ಶುರುವಾಯಿತು. ನಮ್ಮ ಸಾಹಿತಿ ಮಾಸ್ತಿಯವರು ಅಧಿಕಾರಿಯಾದದ್ದು ಈ ಪರೀಕ್ಷೆ ಪಾಸು ಮಾಡಿಯೇ. (ನಮ್ಮ ಕುಂದಾಪುರ, ಬೈಂದೂರು ಕಡೆ ಆಗ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು, ನೆನಪಿರಲಿ.) ಆದರೆ ಶಾಲೆಯ ಮುಖ ಮೊದಲು ಕಂಡ ಸಮುದಾಯದವರೇ ಹುದ್ದೆಗಳನ್ನು ತುಂಬಿದರು. ಅದಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಸಮಿತಿ ಮಾಡಿದರು. ಹಿಂದುಳಿದವರಿಗೆ ಆದ್ಯತೆ ಕೊಡಿ ಎಂದಿತು ಆ ಸಮಿತಿ.

ಇದನ್ನು ಯಾಕೆ ಹೇಳಿದೆ ಅಂದ್ರೆ, ಕಳ್ಳಾಟ ತಡೆಯುವ ಪ್ರತಿಯೊಂದು ನಿಯಮಕ್ಕೂ ಒಂದು ಖರ್ಚು ಉಂಟು. ಆ ಖರ್ಚನ್ನು ಯಾರು ಹೊರುತ್ತಾರೆ ಅಂತ ಕೇಳದೇ ಹೋದ್ರೆ ನಿಯಮವೇ ಒಂದು ಬೇಲಿ ಆಗ್ತದೆ. ಪಿಎಸ್‌ಐ ಮರುಪರೀಕ್ಷೆ ಬೆಂಗಳೂರಲ್ಲಿ ಮಾತ್ರ ಅಂದಾಗ ಬೈಂದೂರಿನವನಿಗೆ ರಾತ್ರಿಯಿಡೀ ಪ್ರಯಾಣ, ಬೆಂಗಳೂರಿನವನಿಗೆ ಸಿಟಿ ಬಸ್ಸು.

ಭಾಗ 5/8 · ಕಂಪ್ಯೂಟರ್ ಬಂತು, ಚೌಕಿ ಸರ್ವರ್ ರೂಮಿಗೆ ಹೋಯಿತು

ಕಾಗದ ಬೇಡ, ಕಂಪ್ಯೂಟರಿನಲ್ಲೇ ಪರೀಕ್ಷೆ ಮಾಡಿದರೆ ಮೋಸ ನಿಲ್ತದೆ ಅಂತ ಬಹಳ ಜನ ನಂಬಿದ್ದರು. ನಂಬಲಿಕ್ಕೆ ಕಾರಣವೂ ಇತ್ತು. ಪ್ರಶ್ನೆಪತ್ರಿಕೆಯ ಕಟ್ಟು ಲಾರಿಯಲ್ಲಿ ಹೋಗುವುದಿಲ್ಲ, ಖಜಾನೆಯಲ್ಲಿ ಇಡಬೇಕಾಗಿಲ್ಲ. ಪ್ರಶ್ನೆಗಳ ದೊಡ್ಡ ರಾಶಿ ಇಟ್ಟು ಒಬ್ಬೊಬ್ಬರಿಗೆ ಒಂದೊಂದು ಕ್ರಮದಲ್ಲಿ ಕೊಡಬಹುದು. ಪಕ್ಕದವನ ಸ್ಕ್ರೀನ್ ಕಂಡರೂ ಉಪಯೋಗ ಇಲ್ಲ.

ಆದರೆ 2018ರ ಫೆಬ್ರವರಿಯಲ್ಲಿ ಏನಾಯಿತು? ಸ್ಟಾಫ್ ಸೆಲೆಕ್ಷನ್ ಕಮಿಷನ್ನಿನ ಕಂಪ್ಯೂಟರ್ ಪರೀಕ್ಷೆ ನಡೆಯುವಾಗಲೇ ಪ್ರಶ್ನೆಗಳ ಸ್ಕ್ರೀನ್‌ಶಾಟ್ ಹೊರಗೆ ಓಡಾಡಿತು. ದಿಲ್ಲಿಯ ಕಚೇರಿ ಎದುರು ಸಾವಿರಾರು ಅಭ್ಯರ್ಥಿಗಳು ದಿನಗಟ್ಟಲೆ ಕೂತರು. ಮೇ ತಿಂಗಳಲ್ಲಿ ಸಿಬಿಐ ದಾಖಲಿಸಿದ ಎಫ್‌ಐಆರ್‌ನಲ್ಲಿ ಪರೀಕ್ಷೆ ನಡೆಸಿಕೊಟ್ಟ ಸಂಸ್ಥೆಯ ನೌಕರರ ಹೆಸರೂ ಇತ್ತು.

2021ರ ಜೆಇಇ ಮೇನ್ ಪ್ರಕರಣ ಇನ್ನೂ ವಿಚಿತ್ರ. ಅದು ಕೆಲಸದ ಪರೀಕ್ಷೆ ಅಲ್ಲ, ಆದರೆ ತಂತ್ರ ತಿಳಿಯಲಿಕ್ಕೆ ಒಳ್ಳೆ ಉದಾಹರಣೆ. ಹರಿಯಾಣದ ಸೋನಿಪತ್‌ನ ಕೇಂದ್ರದಲ್ಲಿ ಅಭ್ಯರ್ಥಿ ಕಂಪ್ಯೂಟರ್ ಎದುರು ಸುಮ್ಮನೆ ಕೂತರೆ ಸಾಕು, ಉತ್ತರ ಒತ್ತುವವನು ಬೇರೆ ಊರಿನಲ್ಲಿ ಎಂಬುದು ಸಿಬಿಐ ಆರೋಪ. 2022ರ ಅಕ್ಟೋಬರ್‌ನಲ್ಲಿ ಇದೇ ಕೇಸಿನಲ್ಲಿ ರಷ್ಯಾದ ಒಬ್ಬ ಪ್ರಜೆಯನ್ನು ದಿಲ್ಲಿ ವಿಮಾನ ನಿಲ್ದಾಣದಲ್ಲಿ ಹಿಡಿದರು, ಪರೀಕ್ಷೆಯ ಸಾಫ್ಟ್‌ವೇರ್‌ಗೆ ಕನ್ನ ಹಾಕಿದ ಆರೋಪದ ಮೇಲೆ.

ಗಮನಿಸಿ, ಆ ಅಭ್ಯರ್ಥಿಯ ಮುಖಕ್ಕೆ ನೂರು ಕ್ಯಾಮೆರಾ ಇಟ್ಟರೂ ಏನೂ ಕಾಣುತ್ತಿರಲಿಲ್ಲ. ಅವನು ನೆಟ್ಟಗೆ ಸ್ಕ್ರೀನ್ ನೋಡುತ್ತಾ ಕೂತಿರುತ್ತಾನೆ, ದೇವರಂಥ ಹುಡುಗ!

ಭಾಗ 6/8 · ಕ್ಯಾಮೆರಾ ಯಾರ ಕಡೆ ತಿರುಗಿದೆ?

ಹಾಗಾದ್ರೆ ಕ್ಯಾಮೆರಾ ದಂಡವಾ? ಅಲ್ಲ. ನಮ್ಮ ಜಿಲ್ಲೆಯದ್ದೇ ಒಂದು ಖುಷಿಯ ಸಂಗತಿ ಕೇಳಿ. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ವೆಬ್‌ಕಾಸ್ಟಿಂಗ್ ತಂದರು. ಪ್ರತಿ ಕೊಠಡಿಯ ದೃಶ್ಯ ನೇರವಾಗಿ ಜಿಲ್ಲಾ ಮಟ್ಟದ ಅಧಿಕಾರಿಗಳ ಎದುರಿಗೆ. ಹಿಂದಿನ ವರ್ಷ 83.89 ಇದ್ದ ರಾಜ್ಯದ ಶೇಕಡಾ ಫಲಿತಾಂಶ 73.40ಕ್ಕೆ ಇಳಿಯಿತು. ಅದೂ ಕೃಪಾಂಕ ಹೆಚ್ಚಿಸಿದ ಮೇಲೆ! ಆ ವರ್ಷ ರಾಜ್ಯಕ್ಕೆ ಮೊದಲು ಬಂದದ್ದು ಉಡುಪಿ ಜಿಲ್ಲೆ, ಶೇಕಡಾ 94. ಎಲ್ಲದಕ್ಕೂ ಕ್ಯಾಮೆರಾ ಒಂದೇ ಕಾರಣ ಅಂತ ಹೇಳಿದ್ರೆ ತಪ್ಪಾಗ್ತದೆ. ಆದರೆ ಓದಿ ಬರೆಯುವ ಮಕ್ಕಳಿಗೆ ಕ್ಯಾಮೆರಾದಿಂದ ನಷ್ಟ ಆಗಲಿಲ್ಲ ಅಂತ ಧೈರ್ಯವಾಗಿ ಹೇಳಬಹುದು.

ಆ ಕ್ಯಾಮೆರಾ ಕೆಲಸ ಮಾಡಿದ್ದು ಯಾಕೆ? ಅದು ಮಕ್ಕಳನ್ನು ಮಾತ್ರ ನೋಡಲಿಲ್ಲ, ಕೊಠಡಿಯಲ್ಲಿದ್ದ ಮೇಷ್ಟ್ರನ್ನೂ ನೋಡಿತು. ಹೇಳಿಕೊಡುವ ಬಾಯಿಯನ್ನೂ, ಕಣ್ಣು ಮುಚ್ಚಿಕೊಳ್ಳುವ ಮೇಲ್ವಿಚಾರಣೆಯನ್ನೂ.

ಮನೆಯಲ್ಲಿ ಕೂತು ಬರೆಯುವ ಕಂಪನಿ ಪರೀಕ್ಷೆಯ ಕ್ಯಾಮೆರಾ ಹಾಗಲ್ಲ. ಅದು ತಿರುಗಿರುವುದು ನಿಮ್ಮ ಕಡೆ ಮಾತ್ರ. ಅದರ ಹಿಂದೆ ಮುಖ ಗುರುತಿಸುವ ಸಾಫ್ಟ್‌ವೇರ್ ಉಂಟು, ಅದಕ್ಕೆ ಕಣ್ಣು ಅತ್ತಿತ್ತ ಹೋದರೆ ಅನುಮಾನ. ಈ ಜಾತಿಯ ಸಾಫ್ಟ್‌ವೇರ್ ಎಲ್ಲರನ್ನೂ ಒಂದೇ ಥರ ಕಾಣುವುದಿಲ್ಲ. 2018ರಲ್ಲಿ ಅಮೆರಿಕದ ಎಂಐಟಿಯ ಜಾಯ್ ಬುವೊಲಮ್ವಿನಿ ಮತ್ತು ಅವರ ಜೊತೆಗಾರ್ತಿ ಟಿಮ್ನಿಟ್ ಗೆಬ್ರು ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ಮೂರು ಕಂಪನಿಗಳ ಸಾಫ್ಟ್‌ವೇರ್ ಪರೀಕ್ಷಿಸಿದರು. ಬಿಳಿ ಬಣ್ಣದ ಗಂಡಸರಲ್ಲಿ ತಪ್ಪು ಶೇಕಡಾ 1ಕ್ಕಿಂತ ಕಡಿಮೆ. ಕಪ್ಪು ಬಣ್ಣದ ಹೆಂಗಸರಲ್ಲಿ ಒಂದು ಸಾಫ್ಟ್‌ವೇರ್ ಶೇಕಡಾ 34.7ರಷ್ಟು ತಪ್ಪು ಮಾಡಿತು.

ಕೋಣೆ ತೋರಿಸುವ ವಿಷಯವೂ ಕೋರ್ಟಿಗೆ ಹೋಗಿದೆ. 2022ರ ಆಗಸ್ಟ್‌ನಲ್ಲಿ ಅಮೆರಿಕದ ಒಹಾಯೊದಲ್ಲಿ ಒಂದು ಫೆಡರಲ್ ನ್ಯಾಯಾಲಯ, ಸರ್ಕಾರಿ ವಿಶ್ವವಿದ್ಯಾಲಯವು ವಿದ್ಯಾರ್ಥಿಯ ಮಲಗುವ ಕೋಣೆಯನ್ನು ಕ್ಯಾಮೆರಾದಲ್ಲಿ ಸ್ಕ್ಯಾನ್ ಮಾಡಿಸಿದ್ದು ಸಂವಿಧಾನಕ್ಕೆ ವಿರುದ್ಧ ಎಂದಿತು. ಅದು ಅವರ ದೇಶದ ಕಾನೂನು, ನಮ್ಮದಲ್ಲ. ಆದರೆ ಪ್ರಶ್ನೆ ನಮ್ಮದೂ ಹೌದು. ಒಂದೇ ಕೋಣೆಯಲ್ಲಿ ಅಜ್ಜಿ ಮಲಗಿ, ತಮ್ಮ ಓದಿ, ಅಕ್ಕ ಪರೀಕ್ಷೆ ಬರೆಯುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ? ಹಿಂದಿನಿಂದ ಒಂದು ನೆರಳು ಹಾದು ಹೋದರೆ ಅದು ಮನೆ, ಮೋಸ ಅಲ್ಲ.

ಭಾಗ 7/8 · ಎಐ ಕಾಲ, ಹಳೇ ಉಪಾಯ

ಈಗಿನ ತಲೆನೋವು ಎಐ. ಪ್ರಶ್ನೆ ಅಂಟಿಸಿದ್ರೆ ಕ್ಷಣದಲ್ಲಿ ಕೋಡ್ ಬರ್ತದೆ. 2022ರ ಜೂನ್‌ನಲ್ಲೇ ಅಮೆರಿಕದ ಎಫ್‌ಬಿಐ ಒಂದು ಎಚ್ಚರಿಕೆ ಕೊಟ್ಟಿತ್ತು: ಮನೆಯಿಂದ ಮಾಡುವ ಕೆಲಸಗಳ ಆನ್‌ಲೈನ್ ಸಂದರ್ಶನಕ್ಕೆ ಬೇರೆಯವರ ಗುರುತು ಕದ್ದು, ಡೀಪ್‌ಫೇಕ್ ಮುಖ ಹಾಕಿಕೊಂಡು ಬರುವವರಿದ್ದಾರೆ ಅಂತ. ಪರೀಕ್ಷೆ ಬರೆದವ ಒಬ್ಬ, ಸಂದರ್ಶನಕ್ಕೆ ಕೂತವ ಇನ್ನೊಬ್ಬ, ಕೆಲಸಕ್ಕೆ ಬಂದವ ಮತ್ತೊಬ್ಬ!

ಇದಕ್ಕೆ ಮದ್ದು ಇನ್ನೂ ಕಠಿಣ ಕ್ಯಾಮೆರಾ ಅಲ್ಲ ಅಂತ ಈ ವಿಷಯ ಬಲ್ಲವರು ಮೊದಲೇ ಹೇಳಿದ್ದರು. ಇಂಟರ್‌ನೆಟ್ ಮೂಲಕ ನಡೆಸುವ ಪರೀಕ್ಷೆಗಳಿಗೆ ಅಂತರರಾಷ್ಟ್ರೀಯ ಪರೀಕ್ಷಾ ಆಯೋಗ 2005ರಲ್ಲಿ ಮಾರ್ಗಸೂಚಿ ಮಾಡಿತು. ಅದರಲ್ಲಿ ಪರೀಕ್ಷೆಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಯಾರು ಬೇಕಾದರೂ ಬರೆಯುವುದು, ಲಾಗಿನ್ ಕೊಟ್ಟವರು ಮಾತ್ರ ಬರೆಯುವುದು, ಮೇಲ್ವಿಚಾರಕರ ಎದುರು ಬರೆಯುವುದು, ಪೂರ್ತಿ ಬಂದೋಬಸ್ತಿನ ಕೇಂದ್ರದಲ್ಲಿ ಬರೆಯುವುದು. ಇದರ ಸಾರ ಸರಳ: ಮನೆಯಲ್ಲಿ ಒಬ್ಬನೇ ಬರೆದ ಪರೀಕ್ಷೆಯ ಅಂಕವನ್ನು ನಂಬಿ ಕೆಲಸ ಕೊಡಬೇಡಿ. ಅದನ್ನು ಮೊದಲ ಜರಡಿ ಮಾಡಿಕೊಳ್ಳಿ. ದಾಟಿ ಬಂದವರಿಗೆ ಎದುರೆದುರು ಕೂರಿಸಿ ಸಣ್ಣದೊಂದು ಪರೀಕ್ಷೆ ಮಾಡಿ, ಎರಡೂ ಅಂಕ ತಾಳೆ ನೋಡಿ.

ತಾಳೆ ನೋಡುವುದು! ಪಿಎಸ್‌ಐ ಹಗರಣ ಸಿಕ್ಕಿಬಿದ್ದದ್ದೂ ಇದರಿಂದಲೇ ಅಲ್ವಾ?

2025ರಲ್ಲಿ ಗೂಗಲ್‌ನ ಸುಂದರ್ ಪಿಚೈ ಕೂಡ ಒಂದು ಸುತ್ತಿನ ಸಂದರ್ಶನವಾದರೂ ಎದುರೆದುರೇ ಆಗಬೇಕು ಎಂದರು. ಹಾಗಾಗಿ ಎಐ ಹತ್ತಿರ ಬರೆಸಿ ಮೊದಲ ಸುತ್ತು ದಾಟುವ ಯೋಚನೆ ಇದ್ದವರಿಗೆ ಒಂದು ಮಾತು. ಆ ಸುತ್ತು ದಾಟಬಹುದು. ಮುಂದಿನ ಸುತ್ತಿನಲ್ಲಿ, "ಈ ಸಾಲು ಯಾಕೆ ಹೀಗೆ ಬರೆದಿರಿ?" ಅಂತ ಕೇಳಿದಾಗ ಎಂತ ಹೇಳ್ತೀರಿ? ಅಷ್ಟರಲ್ಲಿ ನಿಮ್ಮಿಂದಾಗಿ ಪಟ್ಟಿಯಿಂದ ಹೊರಗೆ ಹೋದವನು ನಿಮ್ಮ ಬೆಂಚಿನ ಗೆಳೆಯನೇ ಆಗಿರಬಹುದು.

ಭಾಗ 8/8 · ನಿಮ್ಮ ಕಾರ್ಬನ್ ಕಾಪಿ ಎಲ್ಲಿ?

ಕಾನೂನುಗಳು ಬಂದಿವೆ. ಪಿಎಸ್‌ಐ ಹಗರಣದ ಬಿಸಿ ಆರುವ ಮೊದಲೇ, 2023ರ ಅಕ್ಟೋಬರ್ 28ರಂದು ನಿಗಮ ಮಂಡಳಿಗಳ ಎಫ್‌ಡಿಎ ಪರೀಕ್ಷೆಯಲ್ಲಿ ಕಲಬುರಗಿ, ಯಾದಗಿರಿ ಕಡೆ ಬ್ಲೂಟೂತ್ ಹಿಡಿದವರು ಸಿಕ್ಕಿಬಿದ್ದರು. ಆ ವರ್ಷದ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ನೇಮಕಾತಿ ಪರೀಕ್ಷೆಗಳ ಅಕ್ರಮ ತಡೆಯುವ ಮಸೂದೆ ಪಾಸಾಯಿತು. ಸಂಚು ನಡೆಸಿದವರಿಗೆ 8ರಿಂದ 12 ವರ್ಷ ಜೈಲು, 10 ಕೋಟಿ ರೂಪಾಯಿವರೆಗೆ ದಂಡ. ಕೇಂದ್ರದ ಕಾನೂನು 2024ರ ಜೂನ್ 21ರಿಂದ ಜಾರಿಯಲ್ಲಿದೆ. ಅದರಲ್ಲಿ ಉತ್ತರಪತ್ರಿಕೆ ತಿದ್ದುವುದು, ಪರೀಕ್ಷೆಯ ಕಂಪ್ಯೂಟರ್ ಜಾಲಕ್ಕೆ ಕೈ ಹಾಕುವುದು ಎಲ್ಲ ಅಪರಾಧ. ಅದರ ಗುರಿ ಅಭ್ಯರ್ಥಿಗಿಂತ ಹೆಚ್ಚಾಗಿ ದಂಧೆ ನಡೆಸುವವರು ಮತ್ತು ಒಳಗಿನವರು. ಸಾವಿರ ವರ್ಷದ ಪಾಠ ಕೊನೆಗೂ ಕಾನೂನಿನ ಪುಸ್ತಕಕ್ಕೆ ಹತ್ತಿತು ಅಂತ ಹೇಳಬಹುದು. ಆದರೆ ಈ ಎರಡೂ ಸರ್ಕಾರಿ ಪರೀಕ್ಷೆಗಳಿಗೆ. ಕಂಪನಿಯ ಲಿಂಕಿಗೆ ಅಲ್ಲ.

ಅದಕ್ಕೇ ನಾನು ಆ ಕಾರ್ಬನ್ ಹಾಳೆಯನ್ನು ನೆನಪಿಡಿ ಎಂದದ್ದು. ಅಷ್ಟು ದೊಡ್ಡ ಇಲಾಖೆಯ ಭದ್ರ ಕೋಣೆಯಲ್ಲಿದ್ದ ಮೂಲ ಹಾಳೆಯನ್ನು ಪ್ರಶ್ನೆ ಮಾಡಿದ್ದು ಯಾವ ಕ್ಯಾಮೆರಾವೂ ಅಲ್ಲ. ಪರೀಕ್ಷೆ ಬರೆದವನ ಕೈಯಲ್ಲಿ ಉಳಿದ ಒಂದು ಪ್ರತಿ. ಚೀನಾದವರು ಕೆಲಸವನ್ನು ಹಂಚಿ ಒಬ್ಬನ ಕೈಯಲ್ಲಿ ಎಲ್ಲ ಇರದ ಹಾಗೆ ಮಾಡಿದ್ದರು. ವೆಬ್‌ಕಾಸ್ಟಿಂಗ್ ಮೇಷ್ಟ್ರನ್ನೂ ಕಾಣುವ ಹಾಗೆ ಮಾಡಿತು. ಕಾರ್ಬನ್ ಪ್ರತಿ ಅಭ್ಯರ್ಥಿಗೇ ಪುರಾವೆ ಕೊಟ್ಟಿತು. ಪರೀಕ್ಷೆ ಮಾಡುವವರನ್ನೂ ಪರೀಕ್ಷಿಸಲಿಕ್ಕೆ ಸಾಧ್ಯ ಇದ್ದಲ್ಲಿ ಮಾತ್ರ ಕಳ್ಳಾಟ ಬಯಲಾಗಿದೆ.

ಹಾಗಾಗಿ ಇಷ್ಟು ಮಾಡಿ:

1. ಕಂಪ್ಯೂಟರಿನಲ್ಲಿ ನಡೆಯುವ ಎಷ್ಟೋ ಸರ್ಕಾರಿ ಪರೀಕ್ಷೆಗಳು ಮುಗಿದ ಮೇಲೆ ನಿಮ್ಮ ಉತ್ತರಗಳ ಪ್ರತಿ ಮತ್ತು ಕೀ ಉತ್ತರ ಕೊಡ್ತಾರೆ. ಆ ದಿನವೇ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ. ಓಎಂಆರ್ ಆದರೆ ಕಾರ್ಬನ್ ಪ್ರತಿಯನ್ನು ನೇಮಕಾತಿ ಪೂರ್ತಿ ಮುಗಿಯುವವರೆಗೆ ಬಿಸಾಡಬೇಡಿ.

2. ಕಂಪನಿ ಪರೀಕ್ಷೆಯಲ್ಲಿ ಕರೆಂಟ್ ಹೋದ್ರೆ, ನೆಟ್ ಕೈಕೊಟ್ರೆ, ತಕ್ಷಣ ಸಮಯ ನಮೂದಿಸಿ ಫೋಟೊ ತೆಗೆದು ಮೇಲ್ ಮಾಡಿ. ಮರುದಿನ ಬಾಯಿಮಾತಲ್ಲಿ ಹೇಳಿದ್ರೆ ಅದು ನೆಪ, ಆ ಕ್ಷಣ ಬರೆದು ಕಳಿಸಿದ್ರೆ ಅದು ದಾಖಲೆ.

3. ಮನೆಯಲ್ಲಿ ಜಾಗ ಇಲ್ಲದಿದ್ರೆ ಕಾಲೇಜಿನ ಲ್ಯಾಬ್ ಕೇಳಿ, ನಾಲ್ಕೈದು ಜನ ಒಟ್ಟಿಗೆ ಹೋಗಿ ಕೇಳಿ. ಬೇಡುವುದಲ್ಲ, ಕೇಳುವುದು.

4. ಅನುಮಾನದ ಗುರುತು ಹಾಕಿ ಹೊರಗೆ ಹಾಕಿದ್ರೆ, "ಇದನ್ನು ಒಬ್ಬ ಮನುಷ್ಯ ನೋಡಿದ್ದಾರಾ, ಸಾಫ್ಟ್‌ವೇರ್ ಮಾತ್ರವಾ?" ಅಂತ ವಿನಯವಾಗಿ ಬರೆದು ಕೇಳಿ.

5. ನಿಮ್ಮ ಪರವಾಗಿ ಬರೆದು ಕೊಡ್ತೇವೆ, ಲಾಗಿನ್ ಕೊಡಿ ಅಂತ ಮೆಸೇಜ್ ಬಂದ್ರೆ ಬ್ಲಾಕ್ ಮಾಡಿ. ನಿಮ್ಮ ಗುರುತು ಒಮ್ಮೆ ಅವರ ಕೈಗೆ ಹೋದ್ರೆ ವಾಪಸ್ ಬಪ್ಪುದಿಲ್ಲ.

ಪ್ಲೇಸ್‌ಮೆಂಟ್ ಸೆಲ್‌ನಲ್ಲಿ ಇರುವವರು ಕಂಪನಿಯವರ ಹತ್ತಿರ ಒಂದು ಪ್ರಶ್ನೆ ಕೇಳಲೇಬೇಕು: ಪರೀಕ್ಷೆ ಮುಗಿದ ಮೇಲೆ ಅಭ್ಯರ್ಥಿಯ ಕೈಯಲ್ಲಿ ಎಂತ ಉಳಿಯುತ್ತದೆ? ಅಂಕ, ಉತ್ತರದ ಪ್ರತಿ, ಎಚ್ಚರಿಕೆ ಬಂದ ಸಮಯ, ಇಷ್ಟಾದರೂ ಕೊಡಿ ಅಂತ.

ನಿಮ್ಮ ಆನ್‌ಲೈನ್ ಪರೀಕ್ಷೆಯಲ್ಲಿ ಕೈಗೆ ಎಂತ ಕೊಟ್ರು? ಕಂಪನಿ ಹೆಸರು ಹಾಕದೇ ಕಮೆಂಟಲ್ಲಿ ಬರೀರಿ. ಸೇವ್ ಮಾಡಿಕೊಳ್ಳಿ, ಈ ವಾರ ಪರೀಕ್ಷೆ ಇರುವ ಗೆಳೆಯರಿಗೆ ಕಳಿಸಿ. ಎಲ್ಲರಿಗೂ ಒಳ್ಳೇದಾಗ್ಲಿ.

#ಯಡ್ತರೆ #ಬೈಂದೂರು #ಕುಂದಾಪ್ರ #ಇತಿಹಾಸಸರಣಿ #ಕಾರ್ಬನ್‌ಕಾಪಿ